ಬೀದರಿನ ನಾನಕ್ ಝೀರಾ ಲಂಗರ್: ಪಂಕ್ತಿಯಲ್ಲಿ ಕೂತು ನೋಡಿದ್ದು

ಬೀದರ್ ನಗರದ ಗುರುದ್ವಾರ ನಾನಕ್ ಝೀರಾ ಸಾಹಿಬ್‌ನಲ್ಲಿ ವರ್ಷದ ಯಾವ ದಿನವೂ ತಪ್ಪದೆ ನಡೆಯುವ ಲಂಗರ್, ಅಂದರೆ ಬಂದವರೆಲ್ಲರಿಗೂ ದುಡ್ಡು ಪಡೆಯದೆ ಬಡಿಸುವ ಊಟದ ಸೇವೆ, ಈ ವಿಮರ್ಶೆಯ ವಿಷಯ. ರುಚಿ, ಶುಚಿ, ಬಡಿಸುವ ರೀತಿ, ಕಾಯಬೇಕಾದ ಹೊತ್ತು ಮುಂತಾಗಿ ಯಾವುದೇ ಊಟದ ಮನೆಗೆ ಹಚ್ಚುವ ಅಳತೆಗಳನ್ನು ಇದಕ್ಕೂ ಹಚ್ಚಬಹುದು. ಕೆಳಗೆ ಹಚ್ಚಿಯೂ ಇದ್ದೇನೆ. ಆದರೆ ದೇವರ ಹೆಸರಿನಲ್ಲಿ ನಡೆಯುವ ಅಡುಗೆಮನೆಯನ್ನು ಅಷ್ಟಕ್ಕೇ ಅಳೆದು ಬಿಡುವುದು ಸಾಲದು. ಧರ್ಮಶ್ರದ್ಧೆ ಜನರನ್ನು ಕೂಡಿಸುತ್ತದೆಯೋ ಒಡೆಯುತ್ತದೆಯೋ ಎಂಬ ಪ್ರಶ್ನೆಯನ್ನು ಧರ್ಮಗುರುಗಳ ಮುಂದೆ ಇಟ್ಟರೆ ಕೂಡಿಸುತ್ತದೆ ಎಂಬ ಒಂದೇ ಉತ್ತರ ಎಲ್ಲ ಕಡೆಯಿಂದಲೂ ಬರುತ್ತದೆ. ಅದೇ ಪ್ರಶ್ನೆಯನ್ನು ಆಯಾ ಧರ್ಮದ ಊಟದ ಮನೆಯ ಬಾಗಿಲಲ್ಲಿ ನಿಂತು ಕೇಳಿದರೆ ಉತ್ತರಗಳು ಬೇರೆಬೇರೆಯಾಗುತ್ತವೆ. ಯಾರು ಅಟ್ಟರು, ಯಾರು ಬಡಿಸಿದರು, ಯಾರ ಪಕ್ಕದಲ್ಲಿ ಯಾರು ಕೂತರು, ಎಂಜಲು ತಟ್ಟೆಯನ್ನು ಯಾರು ಬಳಿದರು ಎಂಬುದರಲ್ಲಿ ಯಾವ ಪ್ರವಚನದಲ್ಲಿಯೂ ಕಾಣದ ಸತ್ಯ ಕಾಣುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಸ್ಥಳದ ಬಗ್ಗೆ. ಗುರು ನಾನಕರು 16ನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಯಾತ್ರೆಯಲ್ಲಿದ್ದಾಗ ಬೀದರಿಗೆ ಬಂದರೆಂದೂ, ಊರ ಹೊರಗೆ ಸೂಫಿ ಪೀರರು ನೆಲೆಸಿದ್ದ ಜಾಗದ ಬಳಿ ತಂಗಿದರೆಂದೂ, ಕುಡಿಯುವ ನೀರಿಲ್ಲದೆ ಜನ ಪಡುತ್ತಿದ್ದ ಕಷ್ಟವನ್ನು ಕೇಳಿ ಗುಡ್ಡದ ಬುಡದ ಕಲ್ಲನ್ನು ಸರಿಸಲು ಸಿಹಿನೀರು ಚಿಮ್ಮಿತೆಂದೂ ಸಿಖ್ ಪರಂಪರೆ ಹೇಳುತ್ತದೆ. ಆ ಚಿಲುಮೆ ಇಂದಿಗೂ ಹರಿಯುತ್ತಿದೆ. ಗುರುದ್ವಾರದ ಮುಖ್ಯ ಮಂದಿರವಾದ ದರ್ಬಾರ್ ಸಾಹಿಬ್‌ನ ಎದುರಿಗೆ ಕಟ್ಟಿದ ಅಮೃತಕುಂಡದಲ್ಲಿ ಅದರ ನೀರು ತುಂಬುತ್ತದೆ. ಯಾತ್ರಿಕರು ಬಾಟಲಿಯಲ್ಲಿ, ಕ್ಯಾನಿನಲ್ಲಿ ಮನೆಗೆ ಒಯ್ಯುತ್ತಾರೆ. ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ. ಮೂರು ಕಡೆ ಕೆಂಪು ಗುಡ್ಡ ಸುತ್ತುವರಿದ ತಗ್ಗಿನಲ್ಲಿ ಬಿಳಿಯ ಕಟ್ಟಡ ನಿಂತಿದೆ.

ಬೀದರಿನ ನೆಲವನ್ನು ಬಲ್ಲವರಿಗೆ ಈ ಚಿಲುಮೆಯ ಇನ್ನೊಂದು ಮಗ್ಗುಲೂ ಗೊತ್ತು. ಈ ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ತೂತುತೂತಾದ ಆ ಕೆಂಪು ಕಲ್ಲು ಮಳೆಯ ನೀರನ್ನು ಹೀರಿಕೊಂಡು ಒಳಗೆ ಇಳಿಸುತ್ತದೆ; ಕೆಳಗಿನ ಗಟ್ಟಿ ಕರಿಕಲ್ಲು ಮುಂದೆ ಇಳಿಯಗೊಡುವುದಿಲ್ಲ; ಆದ್ದರಿಂದ ನೀರು ಗುಡ್ಡದ ಅಂಚಿಗೆ ಹರಿದು ಅಲ್ಲಲ್ಲಿ ಹೊರಬೀಳುತ್ತದೆ. ಬಹಮನಿಗಳ ಕಾಲದ ನೆಲದಡಿಯ ಕಾಲುವೆಗಳಾದ ಕರೇಜ್ ನಿಂತಿರುವುದೂ ಇದೇ ಗುಣದ ಮೇಲೆ. ಭಕ್ತರು ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದರ್ಶನ ಮಾಡುವ ನರಸಿಂಹ ಝರಣಿ, ಶಿವನ ಗುಡಿಯ ಮುಂದೆ ಕೊಳ ತುಂಬುವ ಪಾಪನಾಶ, ಸಿಖ್ಖರ ನಾನಕ್ ಝೀರಾ, ಈ ಮೂರೂ ಒಂದೇ ಪ್ರಸ್ಥಭೂಮಿಯ ಅಂಚಿನಲ್ಲಿವೆ. ಒಂದೇ ಬಗೆಯ ಕಲ್ಲು ಜಿನುಗಿಸುವ ನೀರಿಗೆ ಮೂರು ಕಡೆ ಮೂರು ಬಗೆಯ ಶ್ರದ್ಧೆ ಕೈಮುಗಿಯುತ್ತದೆ. ಇದನ್ನು ಹೇಳುವುದು ಯಾರ ನಂಬಿಕೆಯನ್ನೂ ಕಡಿಮೆ ಮಾಡಲಿಕ್ಕಲ್ಲ. ಬಾಯಾರಿದ ಊರೊಂದಕ್ಕೆ ನೀರಿನ ಜಾಗವೇ ದೇವರ ಜಾಗವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ, ಮತ್ತು ನೀರಿನ ಜಾಗಕ್ಕೆ ಎಲ್ಲ ಜಾತಿಯವರೂ ಬಂದೇ ಬರುತ್ತಾರೆ. ಬಂದವರನ್ನು ಒಳಗೆ ಬಿಟ್ಟುಕೊಂಡರೋ ಹೊರಗೆ ನಿಲ್ಲಿಸಿದರೋ ಎಂಬುದು ಮುಂದಿನ ಮಾತು.

ಇನ್ನು ಊಟ. ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ, ಕಾಲು ತೊಳೆದುಕೊಂಡು ದಾಟುವ ನೀರು, ತಲೆಗೆ ಕಟ್ಟಿಕೊಳ್ಳಲು ಬಟ್ಟೆ. ಬಾಗಿಲಲ್ಲಿ ಕಾಣುವ ಕಟ್ಟಳೆ ಇಷ್ಟೇ. ನಿಮ್ಮ ಹೆಸರನ್ನಾಗಲಿ ಊರನ್ನಾಗಲಿ ಯಾರೂ ಕೇಳುವುದಿಲ್ಲ; ಕೂಪನ್ ಇಲ್ಲ, ಚೀಟಿ ಇಲ್ಲ. ಅಂಕಣದ ಸ್ಟೀಲ್ ತಟ್ಟೆ, ಚಮಚ, ನೀರಿನ ಬಟ್ಟಲು ಹಿಡಿದು ಒಳಗೆ ಹೋದರೆ ನೆಲದ ಮೇಲೆ ಉದ್ದಕ್ಕೆ ಹಾಸಿದ ಪಟ್ಟಿಗಳಿರುತ್ತವೆ. ಮುಂದಿನ ಖಾಲಿ ಜಾಗದಲ್ಲಿ ಕೂರಬೇಕು. ಮುಂದಿನ ಖಾಲಿ ಜಾಗ ಎಂಬ ಈ ಸಣ್ಣ ಕಟ್ಟಳೆಯೇ ಇಡೀ ವ್ಯವಸ್ಥೆಯ ಜೀವ. ಗುಂಪಾಗಿ ಬಂದವರು ಗುಂಪಾಗಿಯೇ ಕೂರಬೇಕೆಂದು ಜಾಗ ಹಿಡಿದಿಡುವಂತಿಲ್ಲವಾದ್ದರಿಂದ, ಬಾಗಿಲಲ್ಲಿ ಯಾರ ಹಿಂದೆ ಯಾರು ನಿಂತಿದ್ದರೋ ಅವರೇ ಒಳಗೆ ಅಕ್ಕಪಕ್ಕದವರಾಗುತ್ತಾರೆ. ನನ್ನ ಎಡಕ್ಕೆ ನಾಂದೇಡಿನ ಹಜೂರ್ ಸಾಹಿಬ್ ಗುರುದ್ವಾರದ ದರ್ಶನ ಮುಗಿಸಿಕೊಂಡು ಬಂದಿದ್ದ ಪಂಜಾಬಿನ ವೃದ್ಧ ದಂಪತಿ ಇದ್ದರು. ಬಲಕ್ಕೆ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಹತ್ತಿರದ ಹಳ್ಳಿಯ ಅಜ್ಜಿ. ಎದುರಿನ ಸಾಲಿನಲ್ಲಿ ಟೋಪಿಯ ಮೇಲೆಯೇ ಕೇಸರಿ ವಸ್ತ್ರ ಕಟ್ಟಿಕೊಂಡಿದ್ದ ಮುಸಲ್ಮಾನ ಆಟೋ ಚಾಲಕರೊಬ್ಬರು ಸಲೀಸಾಗಿ ಉಣ್ಣುತ್ತಿದ್ದರು.

ಬಿಳಿ ಗಡ್ಡದ ಸೇವಾದಾರರೊಬ್ಬರು ಬುಟ್ಟಿ ತುಂಬ ಚಪಾತಿ ಹಿಡಿದು ಬಾಗಿ ಬಾಗಿ ಬರುತ್ತಿದ್ದರು. ಅವರು ಕರೆಯುವುದು ಪ್ರಸಾದಾ ಜೀ ಎಂದು. ಚಪಾತಿಗೂ ಅಲ್ಲಿ ಪ್ರಸಾದದ ಮರ್ಯಾದೆ. ಅದನ್ನು ತಟ್ಟೆಗೆ ಹಾಕುವುದಿಲ್ಲ. ಎರಡೂ ಅಂಗೈ ಜೋಡಿಸಿ ಒಡ್ಡಬೇಕು, ಅವರು ಮೇಲಿನಿಂದ ಇಳಿಬಿಡುತ್ತಾರೆ. ಹುಡುಗನಿಗೆ ಇದು ತಿಳಿಯದೆ ಒಂದೇ ಕೈ ಚಾಚಿದ. ಅವರು ಏನೂ ಹೇಳಲಿಲ್ಲ, ಮುಂದಕ್ಕೂ ಹೋಗಲಿಲ್ಲ; ಬುಟ್ಟಿ ಹಿಡಿದುಕೊಂಡು ಸುಮ್ಮನೆ ನಿಂತರು. ಅಜ್ಜಿ, ಎರಡೂ ಕೈ ಹಿಡಿಯೋ ಅಪ್ಪಿ, ಭಿಕ್ಷಾ ಅಲ್ಲ ಅದು, ಪ್ರಸಾದ ಎಂದು ಅವನ ಇನ್ನೊಂದು ಕೈಯನ್ನು ಹಿಡಿದು ಎತ್ತಿದರು. ನೀವು ಇಲ್ಲಿಗೆ ಆಗಾಗ ಬರುತ್ತೀರಾ ಎಂದು ಕೇಳಿದೆ. ಝೀರಾದ ನೀರು ಒಯ್ಲಾಕ ಬರ್ತೀನ್ರಿ, ಬಂದಮ್ಯಾಲ ಉಣ್ಣದ ಹೋಗಬಾರದು ಅಂತ ನಮ್ಮತ್ತಿ ಹೇಳಿದ್ರು ಎಂದರು. ಅವರ ಅತ್ತೆಯ ಕಾಲದಿಂದಲೂ ಅವರ ಮನೆಯಲ್ಲಿ ಇದು ನಡೆದುಬಂದಿದೆ. ಹಣೆಯಲ್ಲಿ ವಿಭೂತಿ ಇತ್ತು, ಕೊರಳಲ್ಲಿ ಕರಡಿಗೆ ಇತ್ತು. ತಮ್ಮ ಶ್ರದ್ಧೆಯನ್ನು ಬಾಗಿಲ ಹೊರಗೆ ಬಿಟ್ಟು ಅವರು ಒಳಗೆ ಬಂದಿರಲಿಲ್ಲ, ಬಿಟ್ಟು ಬರಬೇಕೆಂದು ಯಾರೂ ಹೇಳಿರಲಿಲ್ಲ.

ರುಚಿಯ ವಿಷಯಕ್ಕೆ ಬಂದರೆ, ಅಂದಿನ ದಾಲ್ ಚೆನ್ನಾಗಿ ಕುದಿದು ಗಟ್ಟಿಯಾಗಿತ್ತು, ಶುಂಠಿಯ ವಾಸನೆ ಮುಂದಿತ್ತು. ಆಲೂಗಡ್ಡೆಯ ಪಲ್ಯ ಸಾಧಾರಣ. ಅನ್ನ ಬಿಸಿ ಇತ್ತು. ಖೀರು ಹಿತವಾದ ಸಿಹಿಯದು, ನೀರಾಗಿರಲಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಕೆಂಪು ಖಾರಕ್ಕೆ ಒಗ್ಗಿದ ಬೀದರ್ ಕಡೆಯ ನಾಲಿಗೆಗೆ ಖಾರ ಕಡಿಮೆ ಎನಿಸಬಹುದು. ಆದರೆ ಮಕ್ಕಳಿಂದ ಹಿಡಿದು ಹಲ್ಲಿಲ್ಲದವರವರೆಗೆ ಎಲ್ಲರೂ ಉಣ್ಣಬಹುದಾದ ಅಡುಗೆ ಹೀಗೆಯೇ ಇರಬೇಕು. ಸಿಖ್ಖರಲ್ಲಿ ಮಾಂಸ ತಿನ್ನುವವರು ಬಹಳ ಮಂದಿ ಇದ್ದರೂ ಲಂಗರಿನಲ್ಲಿ ಸಸ್ಯಾಹಾರ ಮಾತ್ರ, ಏಕೆಂದರೆ ಯಾವ ನಂಬಿಕೆಯವರೂ ಹಿಂಜರಿಯದೆ ಉಣ್ಣಬಲ್ಲ ಊಟ ಅದು. ಸಸ್ಯಾಹಾರವನ್ನು ಕೆಲವರನ್ನು ಹೊರಗಿಡುವ ಬೇಲಿಯಾಗಿ ಬಳಸಿದ್ದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇಲ್ಲಿ ಅದೇ ಆಹಾರ ಎಲ್ಲರನ್ನೂ ಒಳಗೆ ತರಲು ಬಳಕೆಯಾಗಿದೆ. ಎರಡನೆಯ ಸಲ, ಮೂರನೆಯ ಸಲ ಬಡಿಸಲು ಬರುತ್ತಾರೆ. ಬೇಡವೆಂದರೆ ಒತ್ತಾಯವಿಲ್ಲ, ಹಾಕಿಸಿಕೊಂಡದ್ದನ್ನು ಬಿಡಬಾರದು. ಶುಚಿತ್ವಕ್ಕೆ ಪೂರ್ಣ ಅಂಕ ಕೊಡಬಹುದು: ಒಂದು ಪಂಕ್ತಿ ಎದ್ದ ಕೂಡಲೇ ನೆಲ ಒರೆಸಿ ಮುಂದಿನ ಪಂಕ್ತಿಗೆ ಸಿದ್ಧ ಮಾಡುತ್ತಾರೆ.

ಕನ್ನಡ ನಾಡಿನವರಿಗೆ ಈ ಪಂಕ್ತಿಯ ಬೆಲೆ ತಿಳಿಯುವುದು ನಮ್ಮ ಪಂಕ್ತಿಗಳನ್ನು ನೆನೆದಾಗ. ಅನ್ನದಾನಕ್ಕೆ ನಮ್ಮಲ್ಲಿ ಕೊರತೆ ಎಂದೂ ಇರಲಿಲ್ಲ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ, ಮಠಮಾನ್ಯಗಳ ದಾಸೋಹದಲ್ಲಿ ದಿನವೂ ಸಾವಿರಾರು ಎಲೆಗಳು ಬೀಳುತ್ತವೆ. ಸಿದ್ಧಗಂಗೆಯಲ್ಲಿ ಉಂಡು ಓದಿದ ಬಡಮಕ್ಕಳು ನಾಡಿನ ತುಂಬ ಇದ್ದಾರೆ. ಹಾಗಿದ್ದೂ ಕೆಲವು ಕ್ಷೇತ್ರಗಳಲ್ಲಿ ಒಂದು ಜಾತಿಯವರಿಗೆ ಬೇರೆ ಪಂಕ್ತಿ, ಉಳಿದವರಿಗೆ ಬೇರೆ ಪಂಕ್ತಿ ಎಂಬ ಪದ್ಧತಿ ನಮ್ಮ ಕಾಲದವರೆಗೂ ಉಳಿದುಬಂದದ್ದನ್ನು, ಅದರ ವಿರುದ್ಧ ಚಳವಳಿಗಳು ನಡೆಯಬೇಕಾಗಿ ಬಂದದ್ದನ್ನು ಮರೆಯಲಾಗದು. ಹೆಸರು ಬೇಡ, ಒಂದು ಊರಿನ ಗುಡಿಯಲ್ಲಿ ನನ್ನ ಜೊತೆಗಿದ್ದ ಗೆಳೆಯನನ್ನು ಊಟದ ಮನೆಯ ಬಾಗಿಲಲ್ಲಿ ನಿಲ್ಲಿಸಿ, ನಿಮ್ಮದು ಯಾವ ಪೈಕಿ ಎಂದು ಕೇಳಿದ್ದರು. ಕೇಳಿದವರ ದನಿಯಲ್ಲಿ ಸಿಟ್ಟಿರಲಿಲ್ಲ, ತಿರಸ್ಕಾರವೂ ಇರಲಿಲ್ಲ. ದಿನವೂ ಕೇಳುವ ಪ್ರಶ್ನೆಯನ್ನು ಕೇಳಿದಂತಿತ್ತು. ಗೆಳೆಯ ಉತ್ತರ ಕೊಡದೆ ಹೊರಗೆ ಬಂದು ಎದುರಿನ ಖಾನಾವಳಿಯಲ್ಲಿ ಉಂಡ. ಒಳಗೆ ಬಡಿಸುತ್ತಿದ್ದ ಅನ್ನವೂ ದೇವರ ಹೆಸರಿನದೇ ಆಗಿತ್ತು. ಧರ್ಮ ಒಡೆಯುವ ಕೆಲಸ ದೊಡ್ಡ ಗಲಭೆಗಳಲ್ಲಿ ಮಾತ್ರ ನಡೆಯುತ್ತದೆ ಎಂದುಕೊಂಡವರು ಆ ಬಾಗಿಲಲ್ಲಿ ನಿಂತು ನೋಡಬೇಕು.

ಲಂಗರ್ ಹುಟ್ಟಿದ್ದು ಇಂಥ ಪ್ರಶ್ನೆಗೆ ಎದುರಾಗಿಯೇ. ಗುರು ನಾನಕರು ಆರಂಭಿಸಿದ್ದನ್ನು ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿಯವರು ತಮ್ಮ ಕೈಯಡುಗೆಯಿಂದ ಬೆಳೆಸಿದರು. ಅವರು ಬಡಿಸುತ್ತಿದ್ದ ತುಪ್ಪದ ಖೀರಿನ ಮಾತು ಗುರು ಗ್ರಂಥ ಸಾಹಿಬ್‌ನಲ್ಲಿಯೇ ಬಂದಿದೆ. ಮೂರನೆಯ ಗುರು ಅಮರದಾಸರು ಮೊದಲು ಪಂಕ್ತಿ, ಆಮೇಲೆ ದರ್ಶನ ಎಂಬ ಕಟ್ಟುಪಾಡು ಮಾಡಿದರು. ಅಕ್ಬರ್ ಬಾದಶಹನೂ ನೆಲದ ಮೇಲೆ ಕೂತು ಉಂಡ ಬಳಿಕವೇ ಅವರನ್ನು ಕಂಡನೆಂದು ಪರಂಪರೆ ಹೇಳುತ್ತದೆ. ಬೀದರಿಗೆ ಇದರಲ್ಲಿ ಇನ್ನೊಂದು ಪಾಲೂ ಇದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಹರು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಈ ಊರಿನವರು, ಕ್ಷೌರಿಕ ಮನೆತನದವರು. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವ, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವವ, ಬೀದರಿನ ಕ್ಷೌರಿಕ, ಈ ಐವರೂ ಒಂದೇ ಬಟ್ಟಲಿನಿಂದ ದೀಕ್ಷೆಯ ನೀರಾದ ಅಮೃತ ಕುಡಿದರು. ಎಂಜಲಿನ ಮಡಿಮೈಲಿಗೆಯನ್ನು ಅರೆದು ಕುಡಿಸಿಕೊಂಡಿದ್ದ ಸಮಾಜದಲ್ಲಿ ಒಂದು ಬಟ್ಟಲಿಗೆ ಐದು ಬಾಯಿ ತಾಗಿದ್ದು ಸಣ್ಣ ಸಂಗತಿಯಲ್ಲ. ಬೀದರಿನವರು ಕೋಟೆಯ ಬಗ್ಗೆ, ಬಿದರಿ ಕಲೆಯ ಬಗ್ಗೆ ಹೆಮ್ಮೆ ಪಡುತ್ತಾರೆ, ಪಡಲೇಬೇಕು. ಈ ಕ್ಷೌರಿಕನ ಬಗ್ಗೆ ಅಷ್ಟೇ ಹೆಮ್ಮೆಯಿಂದ ಮಾತಾಡುವುದನ್ನು ನಾನು ಕೇಳಿದ್ದು ಕಡಿಮೆ.

ಉಂಡು ಎದ್ದ ಮೇಲೆ ತಟ್ಟೆ ತೊಳೆಯುವ ಜಾಗಕ್ಕೆ ಹೋದೆ. ಈ ಸೇವೆಯಲ್ಲಿ ಎಲ್ಲಕ್ಕಿಂತ ಮೇಲಾದದ್ದು ಅಲ್ಲಿದೆ ಎಂದು ನನ್ನ ಅಭಿಪ್ರಾಯ. ಊಟಕ್ಕೆ ಅನುಮತಿ ಬೇಡವೆಂಬುದು ಬಹಳ ಕಡೆ ನಿಜ. ಇಲ್ಲಿ ಕೆಲಸಕ್ಕೂ ಅನುಮತಿ ಬೇಡ. ತೋಳು ಮೇಲೆ ಮಾಡಿ ನಿಂತರೆ ಪಕ್ಕದವರು ಸರಿದು ಜಾಗ ಕೊಡುತ್ತಾರೆ. ಒಬ್ಬರು ಎಂಜಲು ಕೊಡವುತ್ತಾರೆ, ಮುಂದಿನವರು ಸಾಬೂನು ನೀರಿನಲ್ಲಿ ಉಜ್ಜುತ್ತಾರೆ, ಅದರ ಮುಂದಿನವರು ತೊಳೆಯುತ್ತಾರೆ, ಕೊನೆಯವರು ಕವುಚಿ ಜೋಡಿಸುತ್ತಾರೆ. ತಟ್ಟೆಗಳ ಸದ್ದಿನಲ್ಲಿ ಮಾತು ಕೇಳಿಸದು, ಹಾಗಾಗಿ ಕೈಸನ್ನೆಯಲ್ಲಿಯೇ ಎಲ್ಲ ನಡೆಯುತ್ತದೆ. ನಾನು ಉಜ್ಜಿದ ತಟ್ಟೆಯ ಅಂಕಣದ ಮೂಲೆಯಲ್ಲಿ ದಾಲ್ ಅಂಟಿಕೊಂಡಿದ್ದುದನ್ನು ನೋಡಿ ಮುಂದೆ ನಿಂತಿದ್ದ ಕಾಲೇಜು ಹುಡುಗಿ ಅದನ್ನು ನನಗೇ ಮರಳಿ ಕೊಟ್ಟಳು. ಉಗುರಿನಿಂದ ಮೂಲೆ ಕೆರೆದು ತೊಳೆಯಬೇಕೆಂದು ಮಾಡಿ ತೋರಿಸಿದಳು. ಅವಳು ತೆಲಂಗಾಣದ ಕಡೆಯಿಂದ ತಂದೆತಾಯಿಯ ಜೊತೆ ಬಂದವಳೆಂದು ಆಮೇಲೆ ತಿಳಿಯಿತು. ಅಡುಗೆಮನೆಯ ಕಡೆ ಹೆಂಗಸರು, ಗಂಡಸರು ಸುತ್ತ ಕೂತು ಚಪಾತಿ ಲಟ್ಟಿಸುತ್ತಿದ್ದರು. ಲಟ್ಟಿಸಿದವರ ಜಾತಿ ಯಾವುದೆಂದು ಕೇಳಿ ಉಣ್ಣುವ ಮನುಷ್ಯ ಇಲ್ಲಿ ಉಪವಾಸವೇ ಇರಬೇಕಾದೀತು, ಏಕೆಂದರೆ ಒಂದೇ ಬುಟ್ಟಿಯಲ್ಲಿ ಹತ್ತು ಕೈಗಳ ಚಪಾತಿ ಇರುತ್ತದೆ.

ಉಣ್ಣುವವನು ಅತಿಥಿ, ತೊಳೆಯುವವನು ಮನೆಯವನು. ಬೇರೆಯವರ ಔದಾರ್ಯದಿಂದ ಉಂಡು ಹೋದವನಲ್ಲಿ ಕೃತಜ್ಞತೆ ಹುಟ್ಟಬಹುದು, ಆದರೆ ಅವನು ಹೊರಗಿನವನಾಗಿಯೇ ಉಳಿಯುತ್ತಾನೆ. ಬಹುತೇಕ ಧಾರ್ಮಿಕ ಸಂಸ್ಥೆಗಳ ಅನ್ನದಾನ ಈ ಗೆರೆಯನ್ನು ದಾಟುವುದಿಲ್ಲ: ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ, ಅಡುಗೆಮನೆಯ ಬಾಗಿಲು ಮುಚ್ಚಿದ್ದು. ಲಂಗರ್ ಆ ಬಾಗಿಲನ್ನು ತೆರೆದಿಟ್ಟಿದೆ. ಆದ್ದರಿಂದ ಇಲ್ಲಿಗೆ ಹೋಗುವವರು ಉಂಡು ಕೈತೊಳೆದು ಬಂದುಬಿಟ್ಟರೆ ಅರ್ಧ ಮಾತ್ರ ನೋಡಿದಂತೆ.

ಮೆಚ್ಚಿಗೆಯ ಭರದಲ್ಲಿ ಕೆಲವು ಸಂಗತಿಗಳನ್ನು ಮುಚ್ಚಿಡಬಾರದು. ಲಂಗರ್ ಇರುವ ಧರ್ಮದಲ್ಲಿ ಜಾತಿ ಇಲ್ಲವೆಂದಲ್ಲ. 1920ರ ಅಕ್ಟೋಬರಿನಲ್ಲಿ ಅಮೃತಸರದ ಹರಿಮಂದಿರಕ್ಕೆ, ಅಂದರೆ ಸ್ವರ್ಣಮಂದಿರಕ್ಕೆ, ದಲಿತ ಸಮುದಾಯಗಳಿಂದ ಬಂದು ಹೊಸದಾಗಿ ಅಮೃತ ಪಡೆದ ಸಿಖ್ಖರು ತಂದ ಕಡಾ ಪ್ರಸಾದವನ್ನು, ಅಂದರೆ ಗೋಧಿ ಹಿಟ್ಟಿನ ಸಿಹಿ ಪ್ರಸಾದವನ್ನು, ಅಲ್ಲಿನ ಅರ್ಚಕರು ಮುಟ್ಟಲಿಲ್ಲ. ವಾಗ್ವಾದವಾಯಿತು. ಕೊನೆಗೆ ಗುರು ಗ್ರಂಥವನ್ನೇ ತೆರೆದು ಅದರ ಆಜ್ಞೆ ಕೇಳೋಣವೆಂದು ಒಪ್ಪಿ ತೆರೆದಾಗ ಸಿಕ್ಕ ಪದ್ಯ, ಗುಣಹೀನರನ್ನೂ ಗುರು ತಾನೇ ಕ್ಷಮಿಸಿ ಸೇವೆಗೆ ಹಚ್ಚುತ್ತಾನೆ ಎಂಬ ಅರ್ಥದ್ದು. ಪ್ರಸಾದ ಸ್ವೀಕಾರವಾಯಿತು, ಗುರುದ್ವಾರಗಳ ಆಡಳಿತವನ್ನು ಅದನ್ನು ಹಿಡಿದುಕೊಂಡಿದ್ದ ಮಹಂತರ ಕೈಯಿಂದ ಬಿಡಿಸಿದ ಚಳವಳಿಗೆ ಆ ದಿನ ದೊಡ್ಡ ಬಲ ಬಂತು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು ತೆರೆದುಕೊಂಡ ಮಂದಿರದಲ್ಲಿಯೇ, ಲಂಗರ್ ಆರಂಭವಾಗಿ 400 ವರ್ಷಗಳಾದ ಮೇಲೆಯೂ, ಯಾರ ಕೈಯ ಪ್ರಸಾದ ಎಂಬ ಪ್ರಶ್ನೆ ಬದುಕಿತ್ತು. ಈಗಲೂ ಪಂಜಾಬಿನ ಬಹಳಷ್ಟು ಹಳ್ಳಿಗಳಲ್ಲಿ ಜಮೀನುಳ್ಳ ಜಾಟರಿಗೊಂದು, ದಲಿತ ಮೂಲದ ಮಜಹಬಿ ಸಿಖ್ಖರಿಗೊಂದು, ರವಿದಾಸಿಯರಿಗೊಂದು ಎಂದು ಬೇರೆಬೇರೆ ಗುರುದ್ವಾರಗಳಿವೆ. ಕೆಲವೆಡೆ ಸ್ಮಶಾನಗಳೂ ಬೇರೆ. ಚಮ್ಮಾರ ಸಂತ ರವಿದಾಸರ ವಾಣಿ, ನೇಕಾರ ಕಬೀರರ ವಾಣಿ, ಸೂಫಿ ಶೇಖ್ ಫರೀದರ ವಾಣಿ ಗುರು ಗ್ರಂಥದಲ್ಲಿ ಗುರುಗಳ ವಾಣಿಯ ಜೊತೆಗೇ ಇದ್ದು, ಅದಕ್ಕೆ ತಲೆಬಾಗುವ ಜನ ಊರಿನಲ್ಲಿ ಬೇರೆಬೇರೆ ಕೂರುತ್ತಾರೆ ಎಂದರೆ, ಗ್ರಂಥದಲ್ಲಿ ಕೂಡಿಸಿದ್ದನ್ನು ಊರಿನ ಭೂಮಾಲೀಕತ್ವ ಒಡೆಯಬಲ್ಲದು ಎಂದೇ ಅರ್ಥ.

ಬೀದರಿನ ಚರಿತ್ರೆಯೂ ಈ ವಿಷಯದಲ್ಲಿ ಸಮಾಧಾನ ಕೊಡುವಂಥದ್ದಲ್ಲ. ಶರಣರ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾದದ್ದಕ್ಕೆ ಆ ತಂದೆಯರಿಗೆ ಘೋರ ಶಿಕ್ಷೆಯಾಯಿತೆಂದು, ಕಲ್ಯಾಣ ಹೊತ್ತಿ ಉರಿಯಿತೆಂದು ಶರಣ ಪರಂಪರೆ ಹೇಳುತ್ತದೆ. ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳಲ್ಲಿ ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸಲ್ಮಾನರ ಮೇಲಿನ ಹತ್ಯಾಕಾಂಡ, ಎರಡರ ಪೆಟ್ಟೂ ಬಹಳವಾಗಿ ಬಿದ್ದ ಜಿಲ್ಲೆಗಳಲ್ಲಿ ಬೀದರ್ ಒಂದು. ಈಗಿನ ಗುರುದ್ವಾರ ಎದ್ದದ್ದು ಆ ವರ್ಷವೇ. ಮುಂದೆ 1988ರಲ್ಲಿ ಇದೇ ಊರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಪ್ರಾಣಗಳು ಹೋದವು. ನಾನಕ್ ಝೀರಾದಲ್ಲಿ ಊಟ ನಡೆಯುತ್ತಿದ್ದ ಊರಿನಲ್ಲಿ, ಅಲ್ಲಿನ ನೀರನ್ನು ಮನೆಮನೆಗೆ ಒಯ್ಯುತ್ತಿದ್ದ ಜನರ ನಡುವೆ ಇದು ನಡೆಯಿತು. ಒಂದು ಹೊತ್ತು ಜೊತೆಗೆ ಉಂಡ ಮಾತ್ರಕ್ಕೆ ಗುಂಪು ಕಲ್ಲೆತ್ತುವುದನ್ನು ಬಿಡುವುದಿಲ್ಲ ಎಂದು ತಿಳಿದುಕೊಂಡೇ ಲಂಗರನ್ನು ಮೆಚ್ಚಬೇಕಾಗುತ್ತದೆ. ನನ್ನ ಮೆಚ್ಚಿಗೆ ಇದರಿಂದ ಕಡಿಮೆಯಾಗಿಲ್ಲ. 1988ರ ನಂತರವೂ ಬಾಗಿಲು ಮುಚ್ಚದೆ, ದಾಳಿಯಾದ ಊರಿನವರಿಗೇ ಬಡಿಸುತ್ತ ಬಂದ ಅಡುಗೆಮನೆ ಅದು. ಆ ಸಿಖ್ಖರ ಸ್ಥೈರ್ಯಕ್ಕೆ ಬೀದರ್ ಋಣಿಯಾಗಿದೆ.

ಬೀದರಿಗೆ ಹೋದವರು ಇದರ ಜೊತೆಗೇ ಅಷ್ಟೂರಿಗೂ ಹೋಗಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ. ಗುಲ್ಬರ್ಗದಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹಮದ್ ಶಾ ವಲಿ ಬಹಮನಿಯ ಗೋರಿ ಅಲ್ಲಿದೆ. ಒಳಗಿನ ಚಾವಣಿಯ ಬಣ್ಣ, ಚಿನ್ನದ ಗೆರೆಗಳು ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಒಂದೊಂದಾಗಿ ಕಾಣುತ್ತವೆ. 1436ರಲ್ಲಿ ತೀರಿಕೊಂಡ ಈ ಸುಲ್ತಾನನನ್ನು ಮುಸಲ್ಮಾನರು ವಲಿ, ಅಂದರೆ ಸಂತ, ಎನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭುವಿನ ಅವತಾರವೆಂದು ನಂಬುತ್ತಾರೆ. ಪ್ರತಿವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರೊಂದಿಗೆ ಬರುತ್ತಾರೆ. ಅವರು ಬಂದು ಶಂಖ ಊದಿ ಪೂಜೆ ಸಲ್ಲಿಸಿದರೇ ಉರುಸು. ಮುಸಲ್ಮಾನ ದೊರೆಯ ಗೋರಿಯ ಉರುಸಿನ ದಿನ ಗೊತ್ತಾಗುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಲಂಗರಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಲಂಗರಿನಲ್ಲಿ ಬಾಗಿಲು ಎಷ್ಟೇ ಅಗಲವಾಗಿದ್ದರೂ ಮನೆ ಸಿಖ್ಖರದು. ಅಷ್ಟೂರಿನಲ್ಲಿ ಜಂಗಮರು ಅತಿಥಿಗಳಲ್ಲ, ಹಕ್ಕುದಾರರು. ಅವರಿಲ್ಲದೆ ಆಚರಣೆ ಪೂರ್ಣವಾಗದು. ಕೂಡಿಸುವ ಶಕ್ತಿಯನ್ನೇ ಅಳತೆಗೋಲು ಮಾಡಿದರೆ ಅಷ್ಟೂರು ಒಂದು ಹೆಜ್ಜೆ ಮುಂದಿದೆ ಎನ್ನಬೇಕು. ಆದರೆ ಇಂಥ ಜಂಟಿ ಹಕ್ಕಿನ ಜಾಗಗಳಿಗೇ ಈ ಕಾಲದಲ್ಲಿ ಅಪಾಯ ಹೆಚ್ಚು. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ದತ್ತಾತ್ರೇಯನನ್ನೂ ದಾದಾ ಹಯಾತ್ ಖಲಂದರರನ್ನೂ ಒಟ್ಟಿಗೆ ನೆನೆಯುತ್ತಿದ್ದ ಜಾಗ ನ್ಯಾಯಾಲಯದ ವ್ಯಾಜ್ಯವಾದದ್ದನ್ನು ನಾವೇ ಕಂಡಿದ್ದೇವೆ. ಹಕ್ಕು ಇಬ್ಬರದ್ದೂ ಆಗಿದ್ದಾಗ, ನಿನ್ನದಲ್ಲ ನನ್ನದು ಎನ್ನಲು ಹೊರಗಿನಿಂದ ಒಬ್ಬ ಬಂದರೂ ಸಾಕು. ಲಂಗರಿಗೆ ಆ ಭಯ ಕಡಿಮೆ; ಮನೆ ಯಾರದೆಂದು ಸ್ಪಷ್ಟವಾಗಿದೆ, ಮನೆಯವರು ಬಾಗಿಲು ತೆರೆದಿಡುವುದೇ ತಮ್ಮ ಧರ್ಮವೆಂದು ತಿಳಿದಿದ್ದಾರೆ. ಬಾಳಿಕೆಯ ದೃಷ್ಟಿಯಿಂದ ನೋಡಿದರೆ ಈ ವ್ಯವಸ್ಥೆಯೇ ಗಟ್ಟಿ.

ಹೋಗುವವರಿಗೆ ಕೆಲವು ಮಾತು. ಗುರುದ್ವಾರ ಊರೊಳಗೇ ಇದೆ, ಬಸ್ ನಿಲ್ದಾಣದಿಂದ ದೂರವಲ್ಲ, ಆಟೋದವರಿಗೆ ಝೀರಾ ಎಂದರೆ ಸಾಕು. ದೂರದಿಂದ ಬಂದವರಿಗೆ ತಂಗಲು ಯಾತ್ರಿ ನಿವಾಸವಿದೆ. ಕರವಸ್ತ್ರ ಅಥವಾ ಸೆರಗು ತಲೆಯ ಮೇಲೆ ಕೊನೆಯವರೆಗೂ ಇರಬೇಕು. ಬೀಡಿ, ಸಿಗರೇಟು, ಗುಟಖಾ, ಮದ್ಯ ಜೇಬಿನಲ್ಲಿಯೂ ಇರಬಾರದು. ನೆಲದ ಮೇಲೆ ಕೂತು ಏಳುವುದು ಕಷ್ಟವಾದ ಹಿರಿಯರ ಜೊತೆ ಹೋಗುವವರು ಜನಜಂಗುಳಿಯ ನಡುಮಧ್ಯಾಹ್ನದ ಬದಲು ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ಗುರುನಾನಕ್ ಜಯಂತಿಗೆ, ಹೋಳಿಯ ಸುಮಾರಿಗೆ ಬಹಳ ಜನ ಸೇರುತ್ತಾರೆ. ನೋಡಲು ಆ ದಿನಗಳು ಸೊಗಸು, ಸೇವೆಗೆ ಉಳಿದ ದಿನಗಳು ಅನುಕೂಲ. ದುಡ್ಡು ಕೊಡಬೇಕೆನಿಸಿದರೆ ಹುಂಡಿ ಇದೆ, ಯಾರೂ ಕೇಳುವುದಿಲ್ಲ. ಇನ್ನೂ ಸಮಯವಿದ್ದವರು ಜನವಾಡಕ್ಕೂ ಹೋಗಿಬರಬಹುದು. ಯುದ್ಧದಲ್ಲಿ ಹೋರಾಡಿದ ಮಾಯಿ ಭಾಗೋ ಎಂಬ ಸಿಖ್ ಮಹಿಳೆ ಗುರು ಗೋವಿಂದ ಸಿಂಹರು 1708ರಲ್ಲಿ ನಾಂದೇಡಿನಲ್ಲಿ ತೀರಿಕೊಂಡ ಮೇಲೆ ಬಂದು ನೆಲೆಸಿದ ಹಳ್ಳಿ ಅದು.

ನಮ್ಮ ಶಾಲೆಗಳವರಲ್ಲಿ ಒಂದು ಕೋರಿಕೆ ಇದೆ. ಬೀದರಿಗೆ ಪ್ರವಾಸ ಬರುವ ಮಕ್ಕಳಿಗೆ ಕೋಟೆ ತೋರಿಸಿ, ಮಹಮೂದ್ ಗವಾನನ ಮದರಸಾ ತೋರಿಸಿ ಬಸ್ಸು ಹತ್ತಿಸುವುದು ವಾಡಿಕೆ. ಅವರನ್ನು ಒಂದು ಹೊತ್ತು ಝೀರಾಕ್ಕೂ ಕರೆತನ್ನಿ, ಯಾವ ಕ್ರಮದಲ್ಲಿ ಬಸ್ಸಿನಿಂದ ಇಳಿದರೋ ಅದೇ ಕ್ರಮದಲ್ಲಿ ಪಂಕ್ತಿಯಲ್ಲಿ ಕೂರಿಸಿ. ಊಟವಾದ ಮೇಲೆ ಮಾಸ್ತರರೂ ಬಾಯಿಯವರೂ ಮಕ್ಕಳ ಜೊತೆಗೇ ತಟ್ಟೆ ತೊಳೆಯಲು ನಿಲ್ಲಲಿ. ಅದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುವುದಿಲ್ಲ, ಮುಂಚೆ ಹೇಳಿಡುವ ಅಗತ್ಯವೂ ಇಲ್ಲ.